ಮೀನಿಗೆ ಪಹಣಿ ಇಲ್ಲ

2025ರ ಜೂನ್ 30. ಕನ್ನಂಬಾಡಿ ಕಟ್ಟೆ ಆ ವರ್ಷ ಜೂನ್ ತಿಂಗಳಲ್ಲೇ ತುಂಬಿತ್ತು. ಮುಖ್ಯಮಂತ್ರಿಗಳು ಬಂದು ಕಾವೇರಿಗೆ ಬಾಗಿನ ಅರ್ಪಿಸಿದರು. ಮೊರದಲ್ಲಿ ಸೀರೆ, ಕುಪ್ಪಸ, ಬಳೆ, ಅರಿಶಿನ, ಕುಂಕುಮ. ಮಂತ್ರ ಹೇಳುವವರು ಹೇಳಿದರು, ಫೋಟೋ ತೆಗೆಯುವವರು ತೆಗೆದರು. ನಮ್ಮ ಕೇರಿಯ ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದ ನನ್ನ ತಾತ ಎಲ್ಲವನ್ನೂ ನೋಡಿ ಒಂದೇ ಮಾತು ಕೇಳಿದ: "ಸೀರೆ ಕೊಟ್ರು, ಬಳೆ ಕೊಟ್ರು, ಸರಿ. ಮೀನ್ಗೆ ಬಾಗ್ಲು ತಗುದ್ರೇನ್ಲಾ?"

ನಾನು ನಕ್ಕುಬಿಟ್ಟೆ. ಡಿಗ್ರಿ ಮಾಡಿದವನ ನಗು ಅದು. ಆಮೇಲೆ ರಾತ್ರಿಯೆಲ್ಲ ಆ ಮಾತು ನನ್ನನ್ನು ಬಿಡಲಿಲ್ಲ. ತೊಂಬತ್ತು ವರ್ಷಕ್ಕೂ ಮಿಕ್ಕಿ ನಿಂತಿರುವ ಆ ಗೋಡೆಯ ಬಗ್ಗೆ ಮಂಡ್ಯ ಜಿಲ್ಲೆಯಲ್ಲಿ ಸಾವಿರ ಭಾಷಣ ಆಗಿವೆ, ನೂರು ಹೋರಾಟ ಆಗಿವೆ. ಈ ಪ್ರಶ್ನೆಯನ್ನು ಮಾತ್ರ ಯಾವ ವೇದಿಕೆಯ ಮೇಲೂ ನಾನು ಕೇಳಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮದು ಪಾಂಡವಪುರ ತಾಲ್ಲೂಕು, ಲೋಕಪಾವನಿ ಹೊಳೆಯ ಮಗ್ಗುಲು. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿ, ನಮ್ಮ ತಾಲ್ಲೂಕು ದಾಟಿ, ಶ್ರೀರಂಗಪಟ್ಟಣದ ಹತ್ತಿರ ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಬೀಳುವ ಸಣ್ಣ ಹೊಳೆ ಅದು. ನಮ್ಮ ಕೇರಿಯಲ್ಲಿ ಜಮೀನಿದ್ದವರು ಇಬ್ಬರೋ ಮೂವರೋ. ನಮ್ಮ ಮನೆಗೆ ಎರಡು ಗುಂಟೆಯೂ ಇಲ್ಲ. ಪಹಣಿಯಲ್ಲಿ ಹೆಸರಿಲ್ಲದ ಮನೆ ನಮ್ಮದು. ಆದರೆ ಹಸಿವಿಗೆ ಪಹಣಿ ಬೇಕಿಲ್ಲವಲ್ಲ. ಮುಂಗಾರು ಹಿಡಿದು ಹೊಳೆಗೆ ಕೆಂಪು ನೀರು ಬಂದರೆ ತಾತ, ತಾತನ ಅಣ್ಣತಮ್ಮಂದಿರು, ಬೆಸ್ತರ ಕೇರಿಯ ಗೆಳೆಯರು ಎಲ್ಲ ಒಟ್ಟಿಗೆ ಇಳಿಯುತ್ತಿದ್ದರು. ಬೆಸ್ತರ ಹತ್ತಿರ ಬಲೆ, ತೆಪ್ಪ. ನಮ್ಮವರ ಹತ್ತಿರ ಬಿದಿರಿನ ಕೂಳಿ, ಎರಡು ಕೈ. ಕೂಳಿಯ ಬಾಯನ್ನು ಹೊಳೆಯ ಕೆಳಮುಖಕ್ಕೆ ಇಡಬೇಕು, ಯಾಕೆಂದರೆ ಮೀನು ಬರುವುದು ಕೆಳಗಿನಿಂದ ಮೇಲಕ್ಕೆ. ಇದು ತಾತ ನನಗೆ ಕಲಿಸಿದ ಮೊದಲ ವಿಜ್ಞಾನ. "ಹೊಸ್ನೀರ್ ವಾಸ್ನೆ ಹಿಡ್ದು ಮೀನು ತವರಿಗೆ ಹತ್ತುತ್ತೆ ಮೊಗಾ" ಅನ್ನುತ್ತಿದ್ದ. ಕಾವೇರಿಯಿಂದ ಲೋಕಪಾವನಿಗೆ, ಲೋಕಪಾವನಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೋಡಿ ಬಿದ್ದ ಕೆರೆಗೆ, ಹೀಗೆ ನಾಗಮಂಗಲದ ಕಡೆಯ ಬರಡು ಸೀಮೆಯವರೆಗೂ ಮೀನು ಹತ್ತುತ್ತಿತ್ತಂತೆ. ಆ ಎರಡು ತಿಂಗಳು ನಮ್ಮ ಕೇರಿಯ ಮಕ್ಕಳು ಹೊಟ್ಟೆ ತುಂಬ ಉಣ್ಣುತ್ತಿದ್ದವು. ಮಿಕ್ಕದ್ದನ್ನು ಉಪ್ಪು ಹಾಕಿ ಒಣಗಿಸಿ ಬೇಸಗೆಗೆ ಇಟ್ಟುಕೊಳ್ಳುತ್ತಿದ್ದರು. ಇದು ನಮ್ಮ ಹೊಲ. ಇದಕ್ಕೆ ಸರ್ವೆ ನಂಬರು ಇರಲಿಲ್ಲ.

ಮೀನು ಯಾಕೆ ಹತ್ತುತ್ತದೆ ಎಂದು ಕಾಲೇಜಿಗೆ ಹೋದ ಮೇಲೆ ಪುಸ್ತಕದಲ್ಲಿ ಓದಿದೆ. ತಾತ ಹೇಳಿದ್ದೇ ಅಲ್ಲಿತ್ತು. ಮಳೆಯ ಮೊದಲ ಪ್ರವಾಹ ಬಂದಾಗ ನೀರಿನ ವೇಗ, ಬಣ್ಣ, ಶಾಖ ಎಲ್ಲ ಬದಲಾಗುತ್ತದೆ. ಅದೇ ಮೀನಿಗೆ ಕರೆ. ಗೆಂಡೆ, ಪಕ್ಕೆ, ಬಾಳೆಮೀನು, ನಾವು ಬಿಳಿಮೀನು ಅನ್ನುವ ಮಹಶೀರ್ ಇವೆಲ್ಲ ಮೊಟ್ಟೆ ತುಂಬಿಕೊಂಡು ಪ್ರವಾಹಕ್ಕೆ ಎದುರಾಗಿ ಈಜುತ್ತವೆ. ಬಿಳಿಮೀನಿಗೆ ಬೇಕಾದ್ದು ಹರಿಯುವ, ಗಾಳಿ ಬೆರೆತ ತಿಳಿನೀರು ಮತ್ತು ತಳದಲ್ಲಿ ನೊರಜುಗಲ್ಲು. ಅದರ ಮೊಟ್ಟೆ ಕಲ್ಲುಗಳ ಸಂದಿಯಲ್ಲಿ ಕೂತು ಮರಿಯಾಗಬೇಕು. ನಿಂತ ನೀರಿನ ಕೆಸರಿನಲ್ಲಿ ಬಿದ್ದರೆ ಉಸಿರುಗಟ್ಟಿ ಸಾಯುತ್ತದೆ. ಹಾವುಮೀನಿನದು ಇದಕ್ಕೆ ತಿರುಗುಮುರುಗು. ಅದು ಹುಟ್ಟುವುದು ಸಮುದ್ರದಲ್ಲಿ. ಹುಲ್ಲುಕಡ್ಡಿಯಷ್ಟು ಮರಿ ಇರುವಾಗಲೇ ನದಿ ಹತ್ತಿ ಬರುತ್ತದೆ, ಒದ್ದೆ ಬಂಡೆಯ ಮೇಲೂ ತೆವಳಿ ಏರುತ್ತದೆ. ನದಿಯಲ್ಲಿ ವರ್ಷಗಟ್ಟಲೆ ಬೆಳೆದು, ಮೊಟ್ಟೆ ಇಡಲಿಕ್ಕೆ ಮತ್ತೆ ಸಮುದ್ರಕ್ಕೆ ಇಳಿಯುತ್ತದೆ. ಆ ಇಳಿಯುವ ದಾರಿಯಲ್ಲಿ ವಿದ್ಯುತ್ ಯಂತ್ರದ ಚಕ್ರ ಇದ್ದರೆ ಉದ್ದ ಮೈಯ ಆ ಜೀವ ತುಂಡಾಗುತ್ತದೆ.

ಈಗ ಗೋಡೆಗೆ ಬರೋಣ.

1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿತು. ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಗಣಿಯ ಒಡೆತನ ಬಿಳಿಯರದ್ದು, ಪಾತಾಳಕ್ಕೆ ಇಳಿದವರು ಬಹುಪಾಲು ನಮ್ಮಂಥ ಅಸ್ಪೃಶ್ಯ ಜನ. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರ ಸೊರಗುತ್ತದೆ, ಗಣಿ ನಿಲ್ಲುತ್ತದೆ. ವರ್ಷವಿಡೀ ಯಂತ್ರಕ್ಕೆ ನೀರು ಬೇಕು, ಜೊತೆಗೆ ಗದ್ದೆಗೂ ಬೇಕು. ಅದಕ್ಕಾಗಿ 1911ರಲ್ಲಿ ಕನ್ನಂಬಾಡಿಯಲ್ಲಿ ಕೆಲಸ ಶುರುವಾಯಿತು. 1930ರ ದಶಕದ ಆರಂಭಕ್ಕೆ ಮುಗಿಯಿತು. ಸುರ್ಕಿ ಗಾರೆಯ ಕಲ್ಲುಗೋಡೆ, ಎತ್ತರ 130 ಅಡಿ. ತಾತನ ಅಪ್ಪ ಅದಕ್ಕೆ ಕಲ್ಲು ಹೊತ್ತವನು. ಹೊತ್ತ ಕಲ್ಲೇ ತನ್ನ ಮೊಮ್ಮಕ್ಕಳ ಕೂಳಿಯನ್ನು ಬರಿದು ಮಾಡುತ್ತದೆ ಎಂದು ಅವನಿಗೆ ಯಾರು ಹೇಳಬೇಕಿತ್ತು?

ಕಟ್ಟೆಯಲ್ಲಿ ಊರುಗಳು ಮುಳುಗಿದವು. ಮುಳುಗಿದ ಜಮೀನಿಗೆ ಲೆಕ್ಕ ಉಂಟು, ಮನೆಗೆ ಲೆಕ್ಕ ಉಂಟು. ಮುಳುಗಿದ ವೇಣುಗೋಪಾಲಸ್ವಾಮಿ ಗುಡಿಯನ್ನು ಕೂಡ ನಮ್ಮ ಕಾಲದಲ್ಲಿ ಕಲ್ಲು ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ನಿಲ್ಲಿಸಿದರು. ದೇವರಿಗೂ ಪುನರ್ವಸತಿ ಸಿಕ್ಕಿತು. ಸಂತೋಷ. ಆದರೆ ನದಿಯನ್ನೇ ಹೊಲ ಮಾಡಿಕೊಂಡು ಬದುಕಿದವರ ಹೊಲ ಹೋದದ್ದಕ್ಕೆ ಯಾವ ಕಡತದಲ್ಲಿ ಪರಿಹಾರ ಬರೆದರು ಸ್ವಾಮಿ? ಪರಿಹಾರ ಕೊಡಲು ಕಾಗದ ಬೇಕು. ಮೀನಿಗೆ ಪಹಣಿ ಇಲ್ಲ. ಮೀನು ತಿಂದು ಬದುಕಿದವನಿಗೂ ಇರಲಿಲ್ಲ.

ಅಣೆ ಮೀನಿಗೆ ಮಾಡುವ ಕೆಡುಕು ಬರೀ ದಾರಿ ಅಡ್ಡಗಟ್ಟುವುದಲ್ಲ. ಮೂರು ತರದ ಕೆಡುಕು ಅದು. ಒಂದು, ಕೆಳಗಿನ ಮೀನು ಮೇಲಕ್ಕೆ ಹೋಗಲಾರದು. ಎರಡು, ಗೋಡೆಯ ಮೇಲ್ಗಡೆ ಹರಿಯುತ್ತಿದ್ದ ಹೊಳೆ ನಿಂತ ನೀರಾಗಿ, ಮೊಟ್ಟೆ ಇಡುವ ಕಲ್ಲುಹಾಸು ಹೂಳಿನಡಿ ಸೇರುತ್ತದೆ. ಮೂರನೆಯದು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದೇ ದೊಡ್ಡದು: ಮೊದಲ ಹೊಸನೀರನ್ನು ಕಟ್ಟೆ ತಾನೇ ನುಂಗುತ್ತದೆ. 124.80 ಅಡಿ ತುಂಬುವ ತನಕ ಬಾಗಿಲು ತೆರೆಯುವುದಿಲ್ಲ. ಕೊಡಗಿನಲ್ಲಿ ಮಳೆ ಹೊಯ್ಯುತ್ತಿದ್ದರೂ ಶ್ರೀರಂಗಪಟ್ಟಣದ ಹೊಳೆಯಲ್ಲಿ ಬಂಡೆಗಳು ಒಣಗಿ ನಿಂತಿರುತ್ತವೆ. ಮೊಟ್ಟೆ ತುಂಬಿದ ಮೀನು ಕರೆ ಬರುವುದನ್ನೇ ಕಾಯುತ್ತದೆ. ಕರೆ ಬರುವುದಿಲ್ಲ. ತಿಂಗಳು ಕಳೆದು ಕಟ್ಟೆ ತುಂಬಿದಾಗ ಒಂದೇ ಏಟಿಗೆ ಹತ್ತಾರು ಸಾವಿರ ಕ್ಯೂಸೆಕ್ ನುಗ್ಗಿ ಬಂದು ಇದ್ದದ್ದನ್ನೂ ಕೊಚ್ಚಿಕೊಂಡು ಹೋಗುತ್ತದೆ. ನಾಲ್ಕು ದಿನ ಬಿಟ್ಟು ಬಾಗಿಲು ಹಾಕಿದರೆ ಹಳ್ಳದ ಗುಂಡಿಗಳಲ್ಲಿ ಮರಿಗಳು ಸಿಕ್ಕಿಬಿದ್ದು ಒಣಗುತ್ತವೆ. ಮೀನಿನ ಪಂಚಾಂಗವನ್ನು ಎಂಜಿನಿಯರನ ರಿಜಿಸ್ಟರು ಅಳಿಸಿಹಾಕಿತು.

ಕೆ.ಆರ್. ಪೇಟೆಯ ಕಡೆ ಹೋಗಿ ನೋಡಿ. ಅಲ್ಲಿ ಹರಿಯುವುದು ಹೇಮಾವತಿ. ಮೇಲೆ ಗೊರೂರಿನಲ್ಲಿ 1979ರಲ್ಲಿ ಅಣೆ ಎದ್ದಿತು. ಕೆಳಗೆ ಅಂಬಿಗರಹಳ್ಳಿಯ ಸಂಗಮದ ಆಚೆಗೆ ಕನ್ನಂಬಾಡಿಯ ಹಿನ್ನೀರು. ನಡುವೆ ಮಂದಗೆರೆ, ಹೇಮಗಿರಿಯ ಕಟ್ಟೆಗಳು. ಆ ತಾಲ್ಲೂಕಿನ ಹೊಳೆಮೀನು ಎರಡು ಗೋಡೆಗಳ ನಡುವಿನ ಕೈದಿ. ಹಿನ್ನೀರಿನಿಂದ ಕಾವೇರಿಯ ಹಾದಿ ಹಿಡಿದು ಮೇಲೇರುವ ಮೀನಿಗೆ ಕೊಡಗಿನ ಕಡೆ ಇನ್ನೂ ಸ್ವಲ್ಪ ದಾರಿ ಉಳಿದಿದೆ, ಅದೂ ಕಟ್ಟೆಯಿಂದ ಕಟ್ಟೆಗೆ ಹಾರಿ ಹಾರಿ. ಅಂಬಿಗರಹಳ್ಳಿಯಲ್ಲಿ 2022ರಲ್ಲಿ ಕುಂಭಮೇಳ ನಡೆಯಿತು. ಮೂರು ನದಿ ಸೇರುವ ಪುಣ್ಯಸ್ಥಳ ಎಂದರು. ಊರಿನ ಹೆಸರಿನಲ್ಲೇ ಅಂಬಿಗ ಇದ್ದಾನೆ. ಅಂಬಿಗನ ಬುಟ್ಟಿಯಲ್ಲಿ ಏನಿದೆ ಎಂದು ಮುಳುಗಿ ಎದ್ದವರು ಇಣುಕಿದರೇ?

ಹಾಗಂತ ನದಿಗೆ ಅಡ್ಡ ಒಂದು ಕಲ್ಲೂ ಇಡಬಾರದು ಎನ್ನುವ ಮಡಿವಂತ ನಾನಲ್ಲ. ನಮ್ಮ ಸೀಮೆಯಲ್ಲಿ ಮುನ್ನೂರು ನಾನೂರು ವರ್ಷದ ಹಳೆಯ ಕಟ್ಟೆಗಳಿವೆ. ಶ್ರೀರಂಗಪಟ್ಟಣದ ಬಂಗಾರದೊಡ್ಡಿಯನ್ನು ನೋಡಿ. ಅವು ಕುಳ್ಳಗೆ, ಇಳಿಜಾರಾಗಿ, ಒರಟು ಕಲ್ಲು ಪೇರಿಸಿ ಕಟ್ಟಿದವು. ಬೇಸಗೆಯಲ್ಲಿ ನಾಲೆಗೆ ನೀರು ತಿರುಗಿಸುತ್ತಿದ್ದವು, ಪ್ರವಾಹ ಬಂದಾಗ ತಾವೇ ಮುಳುಗುತ್ತಿದ್ದವು. ಮುಳುಗಿದ ಕಟ್ಟೆಯ ಮೇಲೆ ಮೀನು ದಾಟುತ್ತಿತ್ತು. ಗದ್ದೆಗೂ ನೀರು, ಮೀನಿಗೂ ದಾರಿ. ಈಗ ಅದೇ ಕಾವೇರಿ, ಅದೇ ಹೇಮಾವತಿಯ ಕಟ್ಟೆಗಳ ಮಗ್ಗುಲಲ್ಲಿ ಕಿರು ಜಲವಿದ್ಯುತ್ ಘಟಕಗಳು ಬಂದು ಕೂತಿವೆ. ಯಂತ್ರಕ್ಕೆ ನೀರು ಬೇಕಾದಾಗ ಕಟ್ಟೆಯ ಮೇಲೆ ಹರಿಯಬೇಕಾದ್ದು ಪಕ್ಕದ ಕಾಲುವೆಗೆ ಹೋಗುತ್ತದೆ, ಕಟ್ಟೆಯ ಕೆಳಗಿನ ಹೊಳೆ ಬಂಡೆಯಾಗುತ್ತದೆ. "ಕಿರು" ಎಂಬ ಹೆಸರಿನಲ್ಲಿ ದೊಡ್ಡ ಮೋಸ ಇದೆ. 2006ರ ಕೇಂದ್ರದ ಅಧಿಸೂಚನೆಯ ಪ್ರಕಾರ 25 ಮೆಗಾವಾಟ್‌ಗಿಂತ ಸಣ್ಣ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿಯೇ ಬೇಕಿಲ್ಲ. ಜನರನ್ನು ಕರೆದು ಕೇಳಬೇಕಿಲ್ಲ, ಮೀನನ್ನು ಎಣಿಸಬೇಕಿಲ್ಲ. ಒಂದು ಗೋಡೆ ಸಣ್ಣದಿರಬಹುದು. ಒಂದರ ಹಿಂದೆ ಒಂದು ಹತ್ತು ಸಣ್ಣ ಗೋಡೆ ನಿಂತರೆ ಮೀನಿಗೆ ಅದು ಹತ್ತು ಬೀಗ ಹಾಕಿದ ಬೀದಿ.

ಕಾನೂನಿನ ನಗೆಪಾಟಲು ನೋಡಿ. 1897ರಲ್ಲೇ ಬ್ರಿಟಿಷ್ ಇಂಡಿಯಾದಲ್ಲಿ ಮೀನು ಕಾಯಿದೆ ಬಂತು. ಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿದರೆ ಜೈಲು. ಬಡವ ಹೊಳೆಗೆ ಅಡ್ಡ ಕಟ್ಟುವ ಮೀನುತಡಿಕೆಯನ್ನು ಹತೋಟಿಯಲ್ಲಿಡಲು ಸರ್ಕಾರ ನಿಯಮ ಮಾಡಬಹುದು. ಬಿದಿರ ತಡಿಕೆಗೆ ಕಾನೂನು ಉಂಟು. 130 ಅಡಿಯ ತಡಿಕೆಗೆ ಕಾನೂನು ಇಲ್ಲ, ಅದಕ್ಕೆ ಬಾಗಿನ ಉಂಟು. ನಮ್ಮವರೂ ಸಾಚಾಗಳಲ್ಲ. ಕ್ವಾರಿಯಿಂದ ಮದ್ದು ತಂದು ಮಡುವಿಗೆ ತೋಟೆ ಹೊಡೆಯುವ ಹುಡುಗರು ನಮ್ಮ ಕೇರಿಯಲ್ಲೂ ಇದ್ದರು. ಅದು ತಪ್ಪು, ನೂರು ಸಲ ತಪ್ಪು. ಒಂದು ತೋಟೆ ಮಡುವಿನ ತಾಯಿಯನ್ನೂ ಮರಿಯನ್ನೂ ಒಟ್ಟಿಗೆ ಕೊಲ್ಲುತ್ತದೆ. ಆದರೆ ಮೀನು ಸಾಯುವುದು ಬಡವನ ತೋಟೆಯಿಂದ ಮಾತ್ರ ಎಂದು ಉಪದೇಶ ಮಾಡುವವರ ಬಾಯಿಗೆ ನಾನು ಈ ಗೋಡೆಯನ್ನು ತೋರಿಸುತ್ತೇನೆ.

"ಕಟ್ಟೆಯಲ್ಲಿ ಮೀನು ಬೇಕಾದಷ್ಟು ಇದೆಯಲ್ಲ" ಅನ್ನುತ್ತಾರೆ. ಇದೆ. ಯಾವ ಮೀನು? ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಕಡೆಯವು. ನಮ್ಮ ಸಂತೆಯಲ್ಲಿ ಜಿಲೇಬಿ ಎಂದು ಮಾರುವ ತಿಲಾಪಿಯಾ ಆಫ್ರಿಕಾದ್ದು, 1952ರಲ್ಲಿ ಈ ದೇಶಕ್ಕೆ ಬಂದದ್ದು. ಹ್ಯಾಚರಿಯಲ್ಲಿ ಮರಿ ಮಾಡಿ ನೀರಿಗೆ ಬಿಡುತ್ತಾರೆ, ಟೆಂಡರು ಹಿಡಿದವನು ತೆಗೆಯುತ್ತಾನೆ. ಹೊಸನೀರಿನ ಮೀನು ಯಾರ ಮಾತಿಗೂ ಕಾಯದೆ ಬಂದು ಬಡವನ ಕೂಳಿಗೆ ಬೀಳುತ್ತಿತ್ತು. ಬಿಟ್ಟು ಬೆಳೆಸಿದ ಮೀನಿಗೆ ಯಜಮಾನ ಇದ್ದಾನೆ. ಕಳೆದ ವರ್ಷಗಳಲ್ಲಿ ಒಂದು ಸಂಜೆ ನನ್ನ ಅಪ್ಪ ಗಾಳ ಹಾಕಿ ಕೂತಿದ್ದಾಗ ಗುತ್ತಿಗೆದಾರನೊಬ್ಬನ ಆಳುಗಳು ಬಂದು ಗಾಳ ಮುರಿದು, "ನಿಮ್ಮಪ್ಪನ ಮನೆ ಆಸ್ತಿಯೇನ್ಲಾ ಇದು" ಎಂದರು. ಅಪ್ಪ ತಲೆ ತಗ್ಗಿಸಿ ಮನೆಗೆ ಬಂದ. ಅಲ್ಲಯ್ಯಾ, ಅದು ನಮ್ಮಪ್ಪನ ಅಪ್ಪನ ಅಪ್ಪ ಕಲ್ಲು ಹೊತ್ತ ಕಟ್ಟೆ, ನಮ್ಮ ಮುತ್ತಾತಂದಿರು ಇಳಿದ ಹೊಳೆ. ಆಸ್ತಿ ಯಾರದು ಹೇಳು?

ಇನ್ನು ಬಿಳಿಮೀನಿನ ಕಥೆ. ಕಾವೇರಿ ಸೀಮೆಯ ಬಿಳಿಮೀನಿಗೆ ಬೆನ್ನ ಮೇಲೆ ಗೂನು, ರೆಕ್ಕೆಗೆ ಕೆಂಜಾಯಿ ಬಣ್ಣ. ಲೋಕದಲ್ಲಿ ಮಹಶೀರ್ ಜಾತಿಯಲ್ಲೇ ಅತಿ ದೊಡ್ಡದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತ್ತು. ಸಾಹೇಬರ ಪುಸ್ತಕಗಳಲ್ಲಿ ಇಂಥ ಮೀನುಗಳ ತೂಕ ಪೌಂಡಿಗೆ ಪೌಂಡು ಸಿಗುತ್ತದೆ. ಇಷ್ಟು ಹೆಸರುವಾಸಿ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ಕೂಡಿಬಂದದ್ದು 2018ರಲ್ಲಿ, ಟಾರ್ ರೆಮದೇವಿ ಎಂದು. ಅದೇ ವರ್ಷ ಅದನ್ನು ಅಳಿವಿನ ಕಟ್ಟಕಡೆಯ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದರು. ಹೆಸರಿಡುವ ದಿನವೇ ಸಾವಿನ ಚೀಟಿ. ಮೀನು ಕಡಿಮೆಯಾಯಿತೆಂದು ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿದ ನೀಲಿ ರೆಕ್ಕೆಯ ಬೇರೆ ಮಹಶೀರನ್ನು ತಂದು ಕಾವೇರಿಗೆ ಬಿಟ್ಟರು. ಅದು ಹೆಚ್ಚಿತು, ನಮ್ಮದು ಕರಗಿತು. ಮನೆಯವರ ದಾರಿ ಮುಚ್ಚಿ, ಮನೆಗೆ ಬೇರೆಯವರನ್ನು ತಂದು ಕೂರಿಸಿ, ಜನಸಂಖ್ಯೆ ಸರಿಯಾಗಿದೆ ಎಂದಂತೆ.

ಈಗ ಈ ಮೀನಿನ ಜಾತಿಪದ್ಧತಿ ಕೇಳಿ. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮಡುವಿನ ಮಹಶೀರುಗಳು ದೇವರ ಮೀನು. ಭಕ್ತರು ಪುರಿ ಎರಚಿ ಕೈ ಮುಗಿಯುತ್ತಾರೆ. ಗಾಳ ಹಾಕಿ ಹಿಡಿದು ಫೋಟೋ ತೆಗೆಸಿಕೊಂಡು ಬಿಡುವ ಸಾಹೇಬನ ಕೈಯಲ್ಲಿ ಅದು ಕ್ರೀಡೆಯ ಮೀನು, ನೀರಿನ ಹುಲಿ. ನಮ್ಮ ಅವ್ವನ ಮಡಕೆಗೆ ಬಂದರೆ ಮಾತ್ರ ಅದು ನಾತ. ಮೈಸೂರಿನಲ್ಲಿ ಓದುವಾಗ ನಾನು ಬಾಡಿಗೆ ರೂಮು ಕೇಳಲು ಹೋದ ಮನೆಯಾಕೆ ಮೊದಲು ಕೇಳಿದ್ದು ಬಾಡಿಗೆಯ ಮಾತಲ್ಲ: "ಮೀನುಗೀನು ಬೇಯಿಸುವವರೇನಪ್ಪ?" ಎಂದು. ನಾನು ಸುಳ್ಳು ಹೇಳಿ ರೂಮು ಹಿಡಿದೆ. ಆ ಮೂರು ವರ್ಷ ಮೀನು ತಿನ್ನಲಿಲ್ಲ. ಊರಿಗೆ ಬಂದಾಗ ತಾತ ತಟ್ಟೆಗೆ ಮೀನು ಹಾಕಿದರೆ ನನ್ನ ಅಂಗಿಗೆ ವಾಸನೆ ಹತ್ತೀತೆಂದು ಹೆದರಿದೆ. ಗೋಡೆ ಕನ್ನಂಬಾಡಿಯಲ್ಲಿ ಮಾತ್ರ ಇಲ್ಲ ಗೆಳೆಯರೇ. ಯಾರ ಊಟ ನಾತವೋ ಅವರ ಊಟ ಹೋದರೆ ಅದು ನಷ್ಟವೆಂದು ಯಾರಿಗೂ ಅನ್ನಿಸುವುದಿಲ್ಲ. ಅಣೆಯ ಲೆಕ್ಕದಲ್ಲಿ ಮೀನು ಬಿಟ್ಟುಹೋದದ್ದು ಕೈತಪ್ಪಿನಿಂದಲ್ಲ.

ಮೀನನ್ನು ದಲಿತನಿಗೆ, ಅಣೆಯನ್ನು ಊರಬಾಗಿಲಿಗೆ ಹೋಲಿಸಿ ಪದ್ಯ ಬರೆಯುವುದು ಸುಲಭ. ನಾನೂ ಎರಡು ಬರೆದು ಹರಿದುಹಾಕಿದೆ. ಮೀನು ಪ್ರತಿಮೆಯಲ್ಲ. ಅದು ಊಟ.

ನಮ್ಮ ಸಂಗಾತಿಗಳೇ ಕೆಲವರು ಕೇಳುತ್ತಾರೆ: "ಭೂಮಿ ಇಲ್ಲ, ಕೆಲಸ ಇಲ್ಲ, ದಿನಾ ಹಲ್ಲೆ. ಇದರ ನಡುವೆ ನಿನಗೆ ಮೀನಿನ ಚಿಂತೆಯಾ? ಅದು ಹೊಟ್ಟೆ ತುಂಬಿದ ಪರಿಸರವಾದಿಗಳ ಹುಚ್ಚು." ಇನ್ನೂ ಕೆಲವರು, "ಬಾಬಾಸಾಹೇಬರೇ ಅಣೆಕಟ್ಟು ಬೇಕೆಂದವರು" ಎನ್ನುತ್ತಾರೆ. ನಿಜ. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಸದಸ್ಯರಾಗಿ ನೀರು, ವಿದ್ಯುತ್ತಿನ ಧೋರಣೆ ರೂಪಿಸಿದವರು ಅವರು. ದಾಮೋದರ ಕಣಿವೆ ಯೋಜನೆಯ ಹಿಂದೆ ಅವರ ದುಡಿಮೆ ಇದೆ. ಕರೆಂಟು ಬಡವನನ್ನು ಬಿಡಿಸಬೇಕೆಂಬುದು ಅವರ ಆಸೆ. ನಾನು ಆ ಆಸೆಯನ್ನು ತಳ್ಳಿಹಾಕುವವನಲ್ಲ. ನಮ್ಮ ಕೇರಿಗೆ ಭಾಗ್ಯಜ್ಯೋತಿಯ ಒಂದೊಂದು ಬಲ್ಬು ಬಂದದ್ದರಿಂದಲೇ ನನ್ನ ಅಪ್ಪ ಅಕ್ಷರ ಕಲಿತ, ನಾನು ಪದವಿ ಮಾಡಿದೆ. ಆದರೆ 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದವರೂ ಅವರೇ ಅಲ್ಲವೆ? ನೀರು ಎಲ್ಲರದು, ಒಬ್ಬರು ಗೋಡೆ ಹಾಕಿ ತಮ್ಮದೆನ್ನುವ ಹಾಗಿಲ್ಲ ಎಂಬುದು ಮಹಾಡದ ಪಾಠ. ಅಣೆ ಕಟ್ಟುವುದು ತಪ್ಪೋ ಸರಿಯೋ ಎಂಬುದು ನನ್ನ ಪ್ರಶ್ನೆ ಅಲ್ಲ. ಅಣೆಯ ಲಾಭ ಗದ್ದೆ ಇದ್ದವನಿಗೆ, ನಷ್ಟ ಗದ್ದೆ ಇಲ್ಲದವನಿಗೆ, ಇದು ಯಾವ ನ್ಯಾಯ ಎಂಬುದು ನನ್ನ ಪ್ರಶ್ನೆ. ವಿಶ್ವೇಶ್ವರಯ್ಯ ನಾಲೆ ಮಂಡ್ಯಕ್ಕೆ ಭತ್ತ ಕೊಟ್ಟಿತು, ಕಬ್ಬು ಕೊಟ್ಟಿತು. ನಮಗೆ ಕೊಟ್ಟದ್ದು ಆ ಭತ್ತ ನಾಟಿ ಮಾಡುವ ಕೂಲಿ, ಆ ಕಬ್ಬು ಕಡಿಯುವ ಕೂಲಿ. ಅಲ್ಲಿಯವರೆಗೆ ಕೂಲಿ ಸಿಗದ ದಿನ ಹೊಳೆ ಇತ್ತು. ಹೊಳೆಯ ಮೀನು ಹೋದ ಮೇಲೆ ಗೌಡರ ಜಗುಲಿ ಒಂದೇ ಉಳಿಯಿತು. ಸಂಗಾತಿಗಳೇ, ಇದು ಭೂಮಿಯ ಪ್ರಶ್ನೆ ಅಲ್ಲವೆ? ಇದು ಕೂಲಿಯ ಪ್ರಶ್ನೆ ಅಲ್ಲವೆ?

ಎರಡು ರಾಜ್ಯಗಳು ಈ ನದಿಗಾಗಿ ನೂರು ವರ್ಷಕ್ಕೂ ಮೇಲೆ ಜಗಳವಾಡಿವೆ. 2007ರಲ್ಲಿ ಕಾವೇರಿ ನ್ಯಾಯಮಂಡಳಿ 740 ಟಿಎಂಸಿ ನೀರನ್ನು ಪಾಲು ಹಾಕಿತು. ಅದರಲ್ಲಿ ಪರಿಸರ ರಕ್ಷಣೆಗೆ 10 ಟಿಎಂಸಿ. ನೂರಕ್ಕೆ ಒಂದೂವರೆಯೂ ಇಲ್ಲ. 2018ರ ಸುಪ್ರೀಂ ಕೋರ್ಟಿನ ತೀರ್ಪೂ ಆ ಹತ್ತನ್ನು ಹಾಗೇ ಬಿಟ್ಟಿತು. ಕನ್ನಡ ಮೀನು, ತಮಿಳು ಮೀನು ಎಂದು ಇಲ್ಲ. ಶಿವನಸಮುದ್ರದ ಜಲಪಾತ ಮೊದಲಿನಿಂದಲೂ ಎಷ್ಟೋ ಮೀನಿಗೆ ಅಡ್ಡ, ಅದು ನಿಸರ್ಗ ಹಾಕಿದ ಗಡಿ. ಆದರೆ ಅದರ ಕೆಳಗೆ 1934ರಲ್ಲಿ ಮೆಟ್ಟೂರು ಅಣೆ ಎದ್ದ ಮೇಲೆ ಸಮುದ್ರದಿಂದ ಕಾವೇರಿ ಹತ್ತುತ್ತಿದ್ದ ಹಿಲ್ಸಾ ಮೀನುಗಾರಿಕೆ ಕುಸಿದುಬಿತ್ತು. ಅಲ್ಲಿಯ ಮೀನುಗಾರನೂ ನಮ್ಮ ತಾತನೂ ಒಂದೇ ಕಡತದಿಂದ ಬಿಟ್ಟುಹೋದವರು. ನೀರಿಗಾಗಿ ನಾವು ಬಸ್ಸಿಗೆ ಕಲ್ಲು ಹೊಡೆಯುತ್ತೇವೆ, ಅವರೂ ಹೊಡೆಯುತ್ತಾರೆ. ಇಬ್ಬರ ಬುಟ್ಟಿಯೂ ಖಾಲಿ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈಗ ಮೇಕೆದಾಟುವಿನಲ್ಲಿ 67 ಟಿಎಂಸಿಯ ಕಟ್ಟೆ, 400 ಮೆಗಾವಾಟ್ ವಿದ್ಯುತ್ತಿನ ಪ್ರಸ್ತಾಪ ಇದೆ. ಮುಳುಗುವುದರಲ್ಲಿ ಕಾವೇರಿ ವನ್ಯಧಾಮದ ಕಾಡೂ ಸೇರಿದೆ, ಗೂನುಬೆನ್ನಿನ ಬಿಳಿಮೀನು ಬದುಕಿದ ಹರಿಯುವ ಹೊಳೆಯೂ ಸೇರಿದೆ. ಪಾದಯಾತ್ರೆ ಮಾಡಿದವರು, ವಿರೋಧ ಮಾಡಿದವರು ಎಲ್ಲರೂ ಟಿಎಂಸಿಯ ಭಾಷೆ ಆಡಿದರು. ಕನ್ನಂಬಾಡಿಯಲ್ಲಿ ಅಂದು ಗೊತ್ತಿಲ್ಲದೆ ಆಯಿತು ಎಂದಿಟ್ಟುಕೊಳ್ಳೋಣ. ಈಗ ಗೊತ್ತಿದ್ದೂ ಮಾಡುವುದಕ್ಕೆ ಏನು ಹೆಸರು?

ದಾರಿ ಇಲ್ಲ ಎನ್ನಬೇಡಿ. ಥಾಯ್ಲೆಂಡಿನ ಮೂನ್ ನದಿಯ ಮೇಲೆ 1994ರಲ್ಲಿ ಪಾಕ್ ಮೂನ್ ಎಂಬ ವಿದ್ಯುತ್ ಅಣೆ ಕಟ್ಟಿದರು. ಮೀನು ಹತ್ತಲಿಕ್ಕೆ ಮೆಟ್ಟಿಲು ಮಾಡಿದ್ದೇವೆ ಎಂದರು. ಆ ಮೆಟ್ಟಿಲು ಕೆಲಸಕ್ಕೆ ಬಾರಲಿಲ್ಲ, ಮೀನು ಹೋಯಿತು. ಹಳ್ಳಿಯ ಮೀನುಗಾರರು ವರ್ಷಗಟ್ಟಲೆ ಅಣೆಯ ಬಳಿಯೇ ಗುಡಿಸಲು ಹಾಕಿ ಕೂತರು. ಕೊನೆಗೆ 2001ರಲ್ಲಿ ಬಾಗಿಲು ತೆರೆಸಿದರು. ಆಮೇಲೆ ವರ್ಷಕ್ಕೆ ನಾಲ್ಕು ತಿಂಗಳು ಮೀನಿಗಾಗಿ ಬಾಗಿಲು ತೆರೆಯುವ ನಿರ್ಧಾರವಾಯಿತು. ಅಮೆರಿಕದ ಕ್ಲಾಮತ್ ನದಿಯಲ್ಲಿ ಯುರೋಕ್, ಕರುಕ್ ಮುಂತಾದ ಮೂಲನಿವಾಸಿಗಳು ತಮ್ಮ ಸಾಲ್ಮನ್ ಮೀನಿಗಾಗಿ ದಶಕಗಳ ಕಾಲ ಹೋರಾಡಿ ನಾಲ್ಕು ವಿದ್ಯುತ್ ಅಣೆಗಳನ್ನು ಒಡೆಸಿದರು. 2024ರಲ್ಲಿ ಕೊನೆಯ ಗೋಡೆ ಹೋಯಿತು. ಅದೇ ಅಕ್ಟೋಬರಿನಲ್ಲಿ, ನೂರು ವರ್ಷ ಕಾಣದಿದ್ದ ಮೇಲಿನ ನೀರಿನಲ್ಲಿ ಸಾಲ್ಮನ್ ಕಾಣಿಸಿತು. ಮೀನು ದಾರಿಯನ್ನು ಮರೆತಿರಲಿಲ್ಲ.

ಕನ್ನಂಬಾಡಿಯನ್ನು ಒಡೆಯಿರಿ ಎಂದು ನಾನು ಹೇಳುವುದಿಲ್ಲ. ಅದನ್ನು ನಂಬಿ ಲಕ್ಷಾಂತರ ಜನ ಅನ್ನ ಕಾಣುತ್ತಿದ್ದಾರೆ, ಸಣ್ಣ ಹಿಡುವಳಿಯವರೂ ಇದ್ದಾರೆ. 130 ಅಡಿಗೆ ಮೀನಿನ ಮೆಟ್ಟಿಲು ಕಟ್ಟಿ ಎಂದು ಸುಳ್ಳು ಕನಸೂ ಮಾರುವುದಿಲ್ಲ. ನಾನು ಕೇಳುವುದು ಇಷ್ಟು.

ಒಂದು. ಹೊಸನೀರು ಬಿಡಿ. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಸಾಧಾರಣ ಮಳೆಯ ವರ್ಷದಲ್ಲಿ ಜೂನ್ ತಿಂಗಳಿಗೆ ಬಿಳಿಗುಂಡ್ಲುವಿನಲ್ಲಿ ತೋರಿಸಬೇಕಾದ ನೀರೇ 9.19 ಟಿಎಂಸಿ. ಹೇಗೂ ಕೆಳಗೆ ಹೋಗಬೇಕಾದ ಆ ನೀರಿನಲ್ಲಿ ಒಂದು ಪಾಲನ್ನು ಮೊದಲ ಮಳೆಗೆ ಹೊಂದಿಸಿ, ಹೊಳೆ ಏರುವ ಹಾಗೆ ಬಿಟ್ಟು, ಮೆಲ್ಲಗೆ ಇಳಿಸಿ. ರೈತನ ಪಾಲಿನಿಂದ ಒಂದು ಹನಿಯೂ ಹೆಚ್ಚು ಬೇಡ. ಕಾಲ ನೋಡಿ ಬಿಡಿ, ಅಷ್ಟೇ. ಕೆಳಗಿನ ಮೀನಿಗೆ ಕರೆ ಕೇಳಿಸಲಿ, ಅದು ಲೋಕಪಾವನಿಗಾದರೂ ತಿರುಗಲಿ.

ಎರಡು. ಕುಳ್ಳ ಕಟ್ಟೆಗಳಲ್ಲಿ ದಾರಿ ಮಾಡಿ. ಐದು, ಹತ್ತು ಅಡಿಯ ಕಟ್ಟೆಗೆ ಒಂದು ಮಗ್ಗುಲಲ್ಲಿ ಒರಟು ಕಲ್ಲಿನ ಇಳಿಜಾರು ಹಾಕುವುದು ನಮ್ಮ ಊರಿನ ಗಾರೆಯವನೂ ಮಾಡಬಲ್ಲ ಕೆಲಸ. ಕಿರು ವಿದ್ಯುತ್ ಘಟಕ ನಡೆಸುವವರು ವರ್ಷವಿಡೀ ಕಟ್ಟೆಯ ಮೇಲೆ ಇಷ್ಟು ನೀರು ಹರಿಸಲೇಬೇಕೆಂದು ಬರೆದು ಹಾಕಿ. ಬರೆದದ್ದನ್ನು ಊರಿನವರೇ ಅಳೆಯುವ ಹಾಗೆ ಅಳತೆಕೋಲು ನಿಲ್ಲಿಸಿ.

ಮೂರು. ಹೊರಗಿನ ಮೀನನ್ನು ಹೊಳೆಗೆ ಬಿಡುವುದನ್ನು ನಿಲ್ಲಿಸಿ. ಹ್ಯಾಚರಿಯಲ್ಲಿ ಮರಿ ಮಾಡುವುದೇ ಆದರೆ ಕಾವೇರಿಯ ಮೀನಿನ ಮರಿ ಮಾಡಿ.

ನಾಲ್ಕು. ಹರಿಯುವ ಹೊಳೆಯನ್ನು ಟೆಂಡರು ಕರೆಯಬೇಡಿ. ದಡದ ಬೆಸ್ತನಿಗೆ, ದಡದ ದಲಿತನಿಗೆ ಮೀನು ಹಿಡಿಯುವ ಹಕ್ಕುಪತ್ರ ಕೊಡಿ. ಮೊಟ್ಟೆಯ ಕಾಲದಲ್ಲಿ ಬಲೆ ಮುಟ್ಟಬೇಡಿ ಎನ್ನುವುದಾದರೆ ಆ ತಿಂಗಳ ಊಟವನ್ನೂ ಕೊಡಿ. ಹಕ್ಕು ಸಿಕ್ಕ ಹೊಳೆಗೆ ತೋಟೆ ಹೊಡೆಯಲು ಬಂದವನ ಕೈಯನ್ನು ನಾವೇ ಹಿಡಿಯುತ್ತೇವೆ.

ಐದು. ಇನ್ನು ಮುಂದೆ ಯಾವ ನದಿಗೆ ಯಾವ ಗೋಡೆ ಎದ್ದರೂ, ಅದು ಮೇಕೆದಾಟುವೇ ಆಗಲಿ, 24 ಮೆಗಾವಾಟಿನದೇ ಆಗಲಿ, ಮೀನಿನ ಲೆಕ್ಕ, ಮೀನು ತಿನ್ನುವವರ ಲೆಕ್ಕ ಮೊದಲು ಬರೆಯಿರಿ. ಬರೆಯುವಾಗ ನಮ್ಮ ತಾತಂದಿರನ್ನು ಕೂರಿಸಿಕೊಂಡು ಬರೆಯಿರಿ. ಯಾವ ಮೀನು ಯಾವ ಮಳೆಗೆ ಎಲ್ಲಿ ಹತ್ತುತ್ತಿತ್ತು ಎಂಬುದು ಅವರ ತಲೆಯಲ್ಲಿದೆ. ಅವರು ಸತ್ತರೆ ಆ ಪುಸ್ತಕವೂ ಸುಟ್ಟಂತೆ.

ರಂಗನತಿಟ್ಟಿನಲ್ಲಿ ಹಕ್ಕಿಗಳಿಗೆ 1940ರಲ್ಲಿ ಧಾಮ ಆಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಒಳ್ಳೆಯದೇ. ಆ ಹಕ್ಕಿ ಮರಿಗೆ ಏನು ತಿನ್ನಿಸುತ್ತದೆ ಎಂದು ಯಾರಾದರೂ ಒಂದು ಸಲ ಕೆಳಗೆ, ನೀರಿನೊಳಗೆ ನೋಡಬೇಕು.

ನಮ್ಮ ಮನೆಯ ಅಟ್ಟದ ಮೇಲೆ ತಾತನ ಕೂಳಿ ಇನ್ನೂ ಇದೆ. ಬಿದಿರು ಕಪ್ಪಾಗಿದೆ, ಎರಡು ಕಡ್ಡಿ ಮುರಿದಿವೆ. ಹೋದ ಮುಂಗಾರಿನಲ್ಲಿ ಲೋಕಪಾವನಿಗೆ ಒಂದು ರಾತ್ರಿ ಕೆಂಪು ನೀರು ಬಂತು. ತಾತ ಎದ್ದು ಕೂತು ಅದನ್ನು ಇಳಿಸು ಎಂದ. ಇಳಿಸಿ, ಕಡ್ಡಿ ಕಟ್ಟಿ, ಅವನನ್ನು ಕೈ ಹಿಡಿದು ಕರೆದುಕೊಂಡು ಹೋಗಿ, ಬಾಯಿ ಕೆಳಮುಖ ಮಾಡಿ ಇಟ್ಟು ಬಂದೆವು. ಬೆಳಿಗ್ಗೆ ನೋಡಿದರೆ ಎರಡು ಜಿಲೇಬಿ, ಒಂದು ಪ್ಲಾಸ್ಟಿಕ್ ಚೀಲ. ತಾತ ಕೂಳಿಯನ್ನು ಕೊಡವಿ ಮತ್ತೆ ಅಲ್ಲೇ ಇಟ್ಟ. "ಇರ್ಲಿ ಬುಡು, ನಾಳೀಕ್ ನೋಡಾನ" ಎಂದ.

ಮುಂದಿನ ಬಾಗಿನಕ್ಕೆ ಮೊರ ತರುವ ದೊಡ್ಡವರೇ, ನಾವೂ ಬರುತ್ತೇವೆ. ಸೀರೆ ಬಳೆ ತರುವುದಿಲ್ಲ. ಈ ಕೂಳಿ ತರುತ್ತೇವೆ. ಬಾಗಿಲು ಎಲ್ಲಿದೆ, ತೋರಿಸಿ.